ಏಳಡಿ ಹುಡುಗನನ್ನು ಅಳೆಯುವುದು ಹೇಗೆ?

2015ರ ಜೂನ್ 26ರ ಬೆಳಿಗ್ಗೆ. ಶಾಲೆಗೆ ಹೊರಡುವ ಅವಸರದಲ್ಲಿದ್ದೆ. ಅಮೆರಿಕದ ಡಲ್ಲಾಸ್‌ನಲ್ಲಿರುವ ತಂಗಿಯ ಮಗ ಫೋನ್ ಮಾಡಿದ. ಅವನು ಫೋನ್ ಮಾಡುವುದು ಭಾನುವಾರ ಮಾತ್ರ, ಅದೂ ಅವನಮ್ಮ ಬೈದ ಮೇಲೆ. ಹಾಗಾಗಿ ಗಾಬರಿಯಿಂದಲೇ ಎತ್ತಿಕೊಂಡೆ.

"ಮಾಮ, ನಮ್ಮೂರ ಟೀಮಿನವರು ನಮ್ಮ ದೇಶದ ಹುಡುಗನ್ನ ತಗೊಂಡ್ರು! ಪಂಜಾಬಿನವನು. ಏಳಡಿ ಎರಡಿಂಚು!"

"ತಗೊಂಡ್ರು ಅಂದ್ರೆ? ಎಷ್ಟಕ್ಕೆ?" ಎಂದೆ. ನನಗೆ ಗೊತ್ತಿದ್ದದ್ದು ಕ್ರಿಕೆಟಿನ ಹರಾಜು ಒಂದೇ.

"ಹರಾಜಲ್ಲ ಮಾಮ, ಡ್ರಾಫ್ಟು. ಸಂಜೆ ಹೇಳ್ತೀನಿ ಬಿಡಿ" ಎಂದು ನಕ್ಕ.

ಆ ಹುಡುಗನ ಹೆಸರು ಸತ್ನಾಮ್ ಸಿಂಗ್ ಭಾಮರಾ. ಊರು ಪಂಜಾಬಿನ ಬಲ್ಲೋ ಕೇ ಎಂಬ ಹಳ್ಳಿ. ಡಲ್ಲಾಸ್ ಮ್ಯಾವರಿಕ್ಸ್ ತಂಡ ಅವನನ್ನು 52ನೆಯವನಾಗಿ ಆರಿಸಿಕೊಂಡಿತ್ತು. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಎನ್‌ಬಿಎ ಡ್ರಾಫ್ಟಿನಲ್ಲಿ ಆಯ್ಕೆಯಾದ, ಭಾರತದಲ್ಲಿ ಹುಟ್ಟಿದ ಮೊದಲ ಆಟಗಾರ ಅವನು. ಅಂದಿನಿಂದ ಈ ಡ್ರಾಫ್ಟ್ ಎಂಬ ವಿಚಿತ್ರ ಪರೀಕ್ಷೆಯ ಬಗ್ಗೆ ನನಗೊಂದು ಗೀಳು ಹತ್ತಿತು. ಗೀಳಿಗೆ ಕಾರಣ ಸತ್ನಾಮ್ ಒಬ್ಬನೇ ಅಲ್ಲ, ನಮ್ಮ ಶಾಲೆಯ ಇನ್ನೊಬ್ಬ ಹುಡುಗನೂ ಹೌದು. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಡ್ರಾಫ್ಟ್ ಎಂದರೆ ಇಷ್ಟೆ. ಎನ್‌ಬಿಎಯಲ್ಲಿ 30 ತಂಡಗಳಿವೆ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜೂನ್‌ನಲ್ಲಿ, ಈ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಎರಡು ಸುತ್ತು, ಹೆಚ್ಚುಕಡಿಮೆ 60 ಹುಡುಗರು. ಹಿಂದಿನ ವರ್ಷ ಹೆಚ್ಚು ಸೋತ ತಂಡಗಳಿಗೆ ಮೊದಲ ಸರದಿ ಸಿಗುವ ಅವಕಾಶ ಹೆಚ್ಚು; ಅದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ. ಮೊದಲ ಸುತ್ತಿನವರಿಗೆ ಸಂಬಳ ಖಚಿತ. ಎರಡನೆಯ ಸುತ್ತಿನವರಿಗೆ ಆ ಭರವಸೆ ಇಲ್ಲ. ಒಟ್ಟಿನಲ್ಲಿ ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗನೊಬ್ಬನನ್ನು ನೋಡಿ, ಅವನು ಇಪ್ಪತ್ತೈದನೆಯ ವಯಸ್ಸಿನಲ್ಲಿ ಏನಾಗುತ್ತಾನೆ ಎಂದು ಹೇಳುವ ಕೆಲಸ. ಪಾಲಕರ ಸಭೆಯಲ್ಲಿ ನಾವು ಮೇಷ್ಟ್ರುಗಳು ಪ್ರತಿ ವರ್ಷ ಮಾಡುವುದೂ ಇದನ್ನೇ ಅಲ್ಲವೆ? "ಇವನಿಗೆ ಸೈನ್ಸ್ ಆಗಲ್ಲ, ಕಾಮರ್ಸ್ ಕೊಡ್ಸಿ" ಎಂದು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ!

ಈ ಆಟದಲ್ಲಿ ರಿಂಗ್‌ನ ಬಳಿ ನಿಂತು ಎದುರಾಳಿಯ ಚೆಂಡು ಒಳಗೆ ಹೋಗದಂತೆ ತಡೆಯುವ, ಪುಟಿದು ಬಂದ ಚೆಂಡನ್ನು ಕಸಿಯುವ ಅತಿ ಎತ್ತರದ ಆಟಗಾರನೇ ಸೆಂಟರ್. ಎತ್ತರವನ್ನು ಯಾವ ಗುರುವೂ ಕಲಿಸಲಾರ ಎಂಬ ಮಾತು ಅಲ್ಲಿನ ತರಬೇತುದಾರರಲ್ಲಿ ರೂಢಿಯಲ್ಲಿದೆ. ಆದ್ದರಿಂದ ಏಳಡಿಯ ಹುಡುಗ ಕಂಡರೆ ತಂಡಗಳಿಗೆ ಆಸೆ. ಆಯ್ಕೆಗೆ ಮುಂಚೆ ಷಿಕಾಗೋದಲ್ಲಿ ಹುಡುಗರನ್ನು ಸೇರಿಸಿ ಅಳೆಯುತ್ತಾರೆ. ಬರಿಗಾಲಿನ ಎತ್ತರ, ತೂಕ, ಎರಡೂ ಕೈ ಚಾಚಿದಾಗ ಬೆರಳ ತುದಿಯಿಂದ ಬೆರಳ ತುದಿಗೆ ಎಷ್ಟು, ನಿಂತು ಕೈ ಎತ್ತಿದರೆ ಎಲ್ಲಿಗೆ ಮುಟ್ಟುತ್ತದೆ, ಎಷ್ಟು ಎತ್ತರ ಜಿಗಿಯುತ್ತಾನೆ, ಅಡ್ಡಡ್ಡ ಎಷ್ಟು ಚುರುಕಾಗಿ ಸರಿಯುತ್ತಾನೆ. ನಮ್ಮ ನಿಮ್ಮಂಥವರ ಚಾಚಿದ ಕೈಗಳ ಅಳತೆ ಹೆಚ್ಚುಕಡಿಮೆ ನಮ್ಮ ಎತ್ತರದಷ್ಟೇ ಇರುತ್ತದೆ. ಬೇಕಾದರೆ ಈಗಲೇ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ನೋಡಿ. ಒಳ್ಳೆಯ ಸೆಂಟರ್‌ಗೆ ಅದು ಎತ್ತರಕ್ಕಿಂತ ನಾಲ್ಕೈದು ಇಂಚಾದರೂ ಹೆಚ್ಚು. 2023ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಫ್ರಾನ್ಸಿನ ವಿಕ್ಟರ್ ವೆಂಬನ್ಯಾಮನ ಕೈ ಚಾಚು ಸುಮಾರು ಎಂಟಡಿ. ರಿಂಗ್ ಇರುವುದೇ ಹತ್ತಡಿ ಎತ್ತರದಲ್ಲಿ!

ಇದೆಲ್ಲ ಕೇಳಿ ನನ್ನೊಳಗಿನ ವಿಜ್ಞಾನದ ಮೇಷ್ಟ್ರಿಗೆ ಖುಷಿಯಾಯಿತು. ಅಳೆಯಲು ಬರುವ ವಿಷಯವೆಂದರೆ ನಮಗೆ ಹಬ್ಬ. ಅದೇ ಹೊತ್ತಿಗೆ ನಮ್ಮ ಎಂಟನೇ ತರಗತಿಗೆ ಆ ಹುಡುಗ ಬಂದು ಸೇರಿದ್ದ. ಹೆಸರು ಬೇಡ. ಸಹಪಾಠಿಗಳು ಅವನನ್ನು 'ಕಂಬ' ಎನ್ನುತ್ತಿದ್ದರು. ಹದಿಮೂರು ತುಂಬಿದ್ದಷ್ಟೆ, ಆಗಲೇ ಐದಡಿ ಹತ್ತಿಂಚು. ಸಾಲಿನಲ್ಲಿ ನಿಂತರೆ ಹಿಂದಿನವರಿಗೆ ಧ್ವಜವೇ ಕಾಣುತ್ತಿರಲಿಲ್ಲ.

ಒಂದು ದಿನ ಅವನಪ್ಪ ಹಿಟ್ಟಿನ ಗಿರಣಿ ಮುಚ್ಚಿಕೊಂಡು, ತಲೆಗೂದಲ ಮೇಲೆ ಇನ್ನೂ ಹಿಟ್ಟು ಇರುವಾಗಲೇ ಶಾಲೆಗೆ ಬಂದರು.

"ಮೇಷ್ಟ್ರೇ, ಇವನ ಉದ್ದ ನೋಡ್ದೋರೆಲ್ಲ ಆಟದ ಶಾಲೆಗೆ ಸೇರ್ಸಿ ಅಂತಾರೆ. ಹಾಸ್ಟೆಲ್ಲು, ಊಟ ಎಲ್ಲ ಅವರದೇ ಅಂತೆ. ನಾನು ಓದಿಲ್ಲ. ನೀವು ಸೈನ್ಸ್ ಓದಿದೋರು. ಇವ್ನು ಇನ್ನೂ ಎಷ್ಟು ಬೆಳೀತಾನೆ ಹೇಳಿ. ನೀವು ಹೂಂ ಅಂದ್ರೆ ಕಳಿಸ್ತೀನಿ."

ಒಬ್ಬ ತಂದೆ ಇಷ್ಟು ನಂಬಿ ಕೇಳಿದಾಗ ಮೇಷ್ಟ್ರಾದವನಿಗೆ ಕೊಂಬು ಬರದೇ ಇರುತ್ತದೆಯೆ? ಹುಡುಗನನ್ನು ಪ್ರಯೋಗಾಲಯಕ್ಕೆ ಕರೆದೊಯ್ದೆ. ಗೋಡೆಗೆ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕೈ ಎತ್ತಿಸಿ ಇನ್ನೊಂದು ಗೆರೆ. ಬೆರಳಿಗೆ ಸೀಮೆಸುಣ್ಣ ಮೆತ್ತಿ ಜಿಗಿಸಿ ಮೂರನೆಯ ಗೆರೆ. ಗುಂಡುಸೂಜಿ ಬಿದ್ದರೂ ಕೇಳಿಸುವಷ್ಟು ಗಂಭೀರವಾಗಿ ಅಪ್ಪ ನೋಡುತ್ತ ನಿಂತಿದ್ದರು.

ತಂದೆತಾಯಿಯ ಎತ್ತರದಿಂದ ಮಗನ ಎತ್ತರ ಅಂದಾಜು ಮಾಡುವ ಒಂದು ಸೂತ್ರವಿದೆ. ಇಬ್ಬರ ಎತ್ತರವನ್ನೂ ಸೆಂಟಿಮೀಟರಿನಲ್ಲಿ ಕೂಡಿಸಿ, ಗಂಡು ಮಗುವಾದರೆ 13 ಸೇರಿಸಿ, ಎರಡರಿಂದ ಭಾಗಿಸುವುದು. ಅಪ್ಪ 175, ಅಮ್ಮ 160. ಉತ್ತರ 174. ಆದರೆ ಹುಡುಗ ಆಗಲೇ 178 ಇದ್ದಾನೆ! ಅಲ್ಲಿ ನಾನು ನಿಂತು ಯೋಚಿಸಬೇಕಿತ್ತು. ನಿಲ್ಲಲಿಲ್ಲ. "ಸೂತ್ರವನ್ನೇ ಮೀರಿದ ಹುಡುಗ" ಎಂದುಕೊಂಡೆ. ಹಿಂದಿನ ಒಂದೇ ವರ್ಷದಲ್ಲಿ 9 ಸೆಂಟಿಮೀಟರ್ ಬೆಳೆದಿದ್ದ ಎಂದು ಅಪ್ಪ ಮನೆಯ ಬಾಗಿಲ ಗುರುತು ನೆನೆದು ಹೇಳಿದರು. ಗ್ರಾಫ್ ಹಾಳೆ ತೆಗೆದು, ಅದೇ ಗೆರೆಯನ್ನು ಮುಂದಕ್ಕೆ ಎಳೆದು, "ಹದಿನೇಳರ ಹೊತ್ತಿಗೆ ಆರಡಿ ಐದಿಂಚು ದಾಟ್ತಾನೆ, ಕಳಿಸಿ" ಎಂದೆ. ಮುಂದಿನ ಬೇಸಿಗೆಯಲ್ಲಿ ಹುಡುಗ ಆಯ್ಕೆಯಾಗಿ, ಟ್ರಂಕು ಹೊತ್ತು ಹೊರಟುಹೋದ.

ಇತ್ತ ನಾನು ರಾತ್ರಿ ಹೊತ್ತು ಮೊಬೈಲಿನಲ್ಲಿ ಹಳೆಯ ಡ್ರಾಫ್ಟುಗಳ ಕಥೆ ಓದತೊಡಗಿದೆ. ಓದಿದಷ್ಟೂ ಹೊಟ್ಟೆಯಲ್ಲಿ ತಳಮಳ.

1984ರ ಡ್ರಾಫ್ಟ್ ನೋಡಿ. ಮೊದಲ ಆಯ್ಕೆ ಹಕೀಮ್ ಒಲಾಜುವಾನ್. ನೈಜೀರಿಯಾದ ಲಾಗೋಸ್‌ನವನು, ಹದಿಹರೆಯದವರೆಗೂ ಫುಟ್‌ಬಾಲ್, ಹ್ಯಾಂಡ್‌ಬಾಲ್ ಆಡಿಕೊಂಡಿದ್ದವನು. ಫುಟ್‌ಬಾಲಿನಲ್ಲಿ ಪಳಗಿದ ಆ ಕಾಲುಗಳೇ ಮುಂದೆ ಅವನನ್ನು ಮಹಾನ್ ಸೆಂಟರ್ ಮಾಡಿದವು. 1994 ಮತ್ತು 1995ರಲ್ಲಿ ಹ್ಯೂಸ್ಟನ್ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟ. ಎರಡನೆಯ ಸರದಿ ಪೋರ್ಟ್‌ಲ್ಯಾಂಡ್ ತಂಡದ್ದು. ಅವರಿಗೆ ಸೆಂಟರ್ ಬೇಕಿತ್ತು. ಏಳಡಿ ಒಂದಿಂಚಿನ ಸ್ಯಾಮ್ ಬೋವಿಯನ್ನು ಆರಿಸಿದರು. ಮೂರನೆಯ ಸರದಿಯಲ್ಲಿ ಉಳಿದಿದ್ದವನು ಮೈಕೆಲ್ ಜೋರ್ಡನ್! ಬೋವಿ ಕಾಲೇಜಿನಲ್ಲಿದ್ದಾಗಲೇ ಮೊಣಕಾಲ ಕೆಳಗಿನ ಮೂಳೆ ಬಿರುಕು ಬಿಟ್ಟು ಎರಡು ವರ್ಷ ಆಡಿರಲಿಲ್ಲ. ಪೋರ್ಟ್‌ಲ್ಯಾಂಡ್‌ನ ವೈದ್ಯರು ಪರೀಕ್ಷೆ ಮಾಡದೆ ಬಿಡಲಿಲ್ಲ. ಆದರೆ ಸುತ್ತಿಗೆಯಿಂದ ಕಾಲು ತಟ್ಟಿ ನೋವಿದೆಯೇ ಎಂದು ಕೇಳಿದಾಗ ತಾನು ಇಲ್ಲವೆಂದೆ, ನಿಜವಾಗಿ ಒಳಗೆ ನೋಯುತ್ತಿತ್ತು ಎಂದು 2012ರಲ್ಲಿ ಬಂದ ಸಾಕ್ಷ್ಯಚಿತ್ರವೊಂದರಲ್ಲಿ ಬೋವಿಯೇ ಹೇಳಿಕೊಂಡ.

ಅವನನ್ನು ಬೈಯುವುದು ಸುಲಭ. ಆದರೆ ಯೋಚಿಸಿ, ಇಡೀ ಮನೆಯವರ ಆಸೆ ಒಂದು "ಇಲ್ಲ ಸಾರ್" ಎಂಬ ಮಾತಿನ ಮೇಲೆ ನಿಂತಿರುವಾಗ ಎಷ್ಟು ಹುಡುಗರು ನೋವಿದೆ ಎಂದಾರು? ಕೋಚಿಂಗ್ ಕ್ಲಾಸಿನಲ್ಲಿ ಒಂದಕ್ಷರ ತಲೆಗೆ ಹತ್ತದೆ, ಮನೆಗೆ ಫೋನ್ ಮಾಡಿ "ಚೆನ್ನಾಗಿ ಅರ್ಥ ಆಗ್ತಿದೆ ಅಪ್ಪಾ" ಎನ್ನುವ ಮಕ್ಕಳು ನಮ್ಮಲ್ಲಿ ಕಡಿಮೆಯೆ?

ಅದೇ ಪೋರ್ಟ್‌ಲ್ಯಾಂಡ್ ತಂಡ 2007ರಲ್ಲಿ ಮೊದಲನೆಯವನಾಗಿ ಗ್ರೆಗ್ ಓಡೆನ್ ಎಂಬ ಏಳಡಿಯ ಸೆಂಟರನ್ನು ಆರಿಸಿತು. ಎರಡನೆಯವನಾಗಿ ಆಯ್ಕೆಯಾದವನು ಕೆವಿನ್ ಡ್ಯೂರಾಂಟ್. ಓಡೆನ್‌ಗೆ ಮೊದಲ ಋತುವಿಗೆ ಮುಂಚೆಯೇ ಮಂಡಿಯ ಶಸ್ತ್ರಚಿಕಿತ್ಸೆ. ಆ ಋತು ಪೂರ್ತಿ ಹೋಯಿತು. ಎನ್‌ಬಿಎಯಲ್ಲಿ ಅವನು ಒಟ್ಟು ಆಡಿದ್ದು 105 ಪಂದ್ಯ. ಡ್ಯೂರಾಂಟ್ 2014ರಲ್ಲಿ ವರ್ಷದ ಶ್ರೇಷ್ಠ ಆಟಗಾರನಾದ.

ಏಳಡಿಯವರಿಗೇ ಏಕೆ ಈ ಕಾಲಿನ ಶನಿ? ಇದಕ್ಕೆ ಉತ್ತರವನ್ನು ಗೆಲಿಲಿಯೋ ಬಹಳ ಹಿಂದೆಯೇ ಕೊಟ್ಟಿದ್ದಾನೆ. ಮಕ್ಕಳೇ, ಒಂದು ಕಾಗದ ತೆಗೆದುಕೊಳ್ಳಿ. ಆರಡಿ ಎತ್ತರದ, 75 ಕಿಲೋ ತೂಕದ ಮನುಷ್ಯನನ್ನು ಎಲ್ಲ ದಿಕ್ಕಿನಲ್ಲೂ 1.2 ಪಟ್ಟು ಹಿಗ್ಗಿಸಿ. ಎತ್ತರ ಏಳಡಿ ಎರಡಿಂಚು ಆಗುತ್ತದೆ. ತೂಕ? ಅದು ಗಾತ್ರವನ್ನು ಅನುಸರಿಸುತ್ತದೆ, ಅಂದರೆ 1.2ರ ಘನ, 1.73 ಪಟ್ಟು. ಸುಮಾರು 130 ಕಿಲೋ. ಆದರೆ ಭಾರ ಹೊರುವ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ 1.2ರ ವರ್ಗ, ಅಂದರೆ 1.44 ಪಟ್ಟು ಮಾತ್ರ. ಸುಮ್ಮನೆ ನಿಂತಾಗಲೇ ಮೂಳೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಐದನೇ ಒಂದು ಭಾಗ ಹೆಚ್ಚು ಭಾರ. ಇನ್ನು ಓಡಿ, ಜಿಗಿದು, ಒಂಟಿ ಕಾಲಿನ ಮೇಲೆ ಇಳಿದರೆ? ಏಳಡಿ ಆರಿಂಚಿನ ಚೀನಾದ ಯಾವೊ ಮಿಂಗ್ 2002ರಲ್ಲಿ ಮೊದಲ ಆಯ್ಕೆಯಾಗಿ, ಆಟದಲ್ಲಿ ಹೆಸರು ಮಾಡಿದರೂ, ಪದೇ ಪದೇ ಪಾದದ ಮೂಳೆ ಬಿರಿದು 2011ರಲ್ಲಿ, ಮೂವತ್ತರ ಹರೆಯದಲ್ಲೇ ನಿವೃತ್ತನಾಗಬೇಕಾಯಿತು. ಸತ್ನಾಮ್‌ನ ತೂಕವನ್ನು ತಂಡದವರು ಬರೆದಿದ್ದದ್ದು 290 ಪೌಂಡ್, ಅಂದರೆ ಸುಮಾರು 131 ಕಿಲೋ. ನಮ್ಮ ಕಾಗದದ ಲೆಕ್ಕಕ್ಕೆ ಎಷ್ಟು ಹತ್ತಿರ ನೋಡಿ.

ಹಾಗಾದರೆ ಅಳತೆಯೆಲ್ಲ ವ್ಯರ್ಥವೆ? ಅಲ್ಲ. ಅಳತೆ ಹೇಳುವುದು ಅರ್ಧ ಕಥೆ. 2009ರಲ್ಲಿ ಎರಡನೆಯವನಾಗಿ ಆಯ್ಕೆಯಾದವನು ತಾಂಜಾನಿಯಾದ ಹಷೀಮ್ ಥಬೀಟ್, ಏಳಡಿ ಮೂರಿಂಚು. ಕಾಲೇಜಿನಲ್ಲಿ ರಿಂಗ್ ಕೆಳಗೆ ಗೋಡೆಯಂತೆ ನಿಲ್ಲುತ್ತಿದ್ದ. ಎನ್‌ಬಿಎಯಲ್ಲಿ ನೆಲೆ ನಿಲ್ಲಲಾಗಲಿಲ್ಲ. ಅದೇ ವರ್ಷ ಏಳನೆಯವನಾಗಿ ಆಯ್ಕೆಯಾದ ಸ್ಟೀಫನ್ ಕರಿ ದೂರದಿಂದ ಚೆಂಡು ಹಾಕಿ ಹಾಕಿ ಆಟದ ರೀತಿಯನ್ನೇ ಬದಲಿಸಿದ. ಸೆಂಟರ್ ಎಂಬುವನು ರಿಂಗ್ ಕೆಳಗೆ ನಿಂತರೆ ಸಾಲದು, ಹೊರಗೆ ಬಂದು ಚುರುಕಾದ ಕುಳ್ಳರನ್ನೂ ತಡೆಯಬೇಕು, ಚೆಂಡು ಹಂಚಬೇಕು, ದೂರದಿಂದ ಎಸೆಯಲೂ ಬೇಕು ಎಂಬ ಕಾಲ ಬಂತು. ಆರಿಸಿದವರು ನಿನ್ನೆಯ ಆಟಕ್ಕೆ ಆರಿಸಿದ್ದರು, ಹುಡುಗ ಆಡಬೇಕಾದದ್ದು ನಾಳೆಯ ಆಟ. ಪಕ್ಕದ ಮನೆಯವರ ಮಗನಿಗೆ ಯಾವ ಕೋರ್ಸಿನಲ್ಲಿ ಕೆಲಸ ಸಿಕ್ಕಿತೋ ಅದಕ್ಕೇ ಮಗಳನ್ನು ಸೇರಿಸುವ ಪಾಲಕರು ಈ ಮಾತನ್ನು ಸ್ವಲ್ಪ ಗಮನಿಸಬೇಕು.

2014ರ ಡ್ರಾಫ್ಟ್ ಇನ್ನೂ ಸ್ವಾರಸ್ಯದ್ದು. ಮೂರನೆಯವನಾಗಿ ಆಯ್ಕೆಯಾದ ಜೋಯಲ್ ಎಂಬೀಡ್ ಕ್ಯಾಮರೂನಿನವನು, ಹದಿನಾರರ ಸುಮಾರಿಗೆ ಬಾಸ್ಕೆಟ್‌ಬಾಲ್ ಹಿಡಿದವನು. ಡ್ರಾಫ್ಟಿಗೆ ಕೆಲವೇ ದಿನ ಮೊದಲು ಪಾದದ ಶಸ್ತ್ರಚಿಕಿತ್ಸೆಯಾಗಿತ್ತು. ಆದರೂ ಫಿಲಡೆಲ್ಫಿಯಾ ತಂಡ ಆರಿಸಿತು, ಎರಡು ಋತು ಪೂರ್ತಿ ಕಾಯಿತು. ಅದೇ ರಾತ್ರಿ 41ನೆಯವನಾಗಿ ಸೆರ್ಬಿಯಾದ ಸೊಂಬೊರ್ ಎಂಬ ಊರಿನ ನಿಕೋಲ ಯೋಕಿಚ್ ಆಯ್ಕೆಯಾದ. ದುಂಡುಮೈ, ಜಿಗಿತ ಅಷ್ಟಕ್ಕಷ್ಟೆ, ಕೋಕಾ-ಕೋಲಾ ಲೀಟರ್‌ಗಟ್ಟಲೆ ಕುಡಿಯುವ ಹುಡುಗ. ಅವನ ಹೆಸರು ಬಂದಾಗ ಟಿವಿಯಲ್ಲಿ ಜಾಹೀರಾತು ಓಡುತ್ತಿತ್ತು. ಅವನೋ ತನ್ನೂರಿನಲ್ಲಿ ನಿದ್ದೆ ಮಾಡುತ್ತಿದ್ದ. 2021, 2022 ಮತ್ತು 2024ರಲ್ಲಿ ವರ್ಷದ ಶ್ರೇಷ್ಠ ಆಟಗಾರ ಯೋಕಿಚ್, ನಡುವಿನ 2023ರಲ್ಲಿ ಎಂಬೀಡ್! ಯೋಕಿಚ್‌ನ ಬಲ ಜಿಗಿತದಲ್ಲಿ ಇರಲಿಲ್ಲ. ಯಾರು ಎಲ್ಲಿಗೆ ಓಡುತ್ತಾರೆಂದು ಮುಂಚೆಯೇ ಕಂಡು, ಚೆಂಡನ್ನು ಅಲ್ಲಿಗೆ ಕಳಿಸುವ ಕಣ್ಣಿನಲ್ಲಿತ್ತು. ಆ ಕಣ್ಣನ್ನು ಅಳೆಯುವ ಟೇಪು ಯಾವ ಅಂಗಡಿಯಲ್ಲಿ ಸಿಗುತ್ತದೆ?

ಜಾಣ ಪರೀಕ್ಷಕರು ಸೆಂಟರ್‌ನಲ್ಲಿ ನೋಡುವುದು ಇಂಥವನ್ನೇ ಅಂತೆ. ವೇಗವಾಗಿ ಬಂದ ಚೆಂಡು ಕೈಯಲ್ಲಿ ನಿಲ್ಲುತ್ತದೆಯೋ, ಜಾರುತ್ತದೆಯೋ? ಒಮ್ಮೆ ಜಿಗಿದು ಇಳಿದವನು ಎರಡನೆಯ ಸಲ ಎಷ್ಟು ಬೇಗ ಜಿಗಿಯುತ್ತಾನೆ? ಯಾರೂ ಅಡ್ಡವಿಲ್ಲದೆ ಎಸೆಯುವ ಫ್ರೀ ಥ್ರೋ ಎಷ್ಟು ಸರಿ? ಅದು ಕೈಯ ಹದವನ್ನು ತೋರಿಸುತ್ತದೆ. ತಪ್ಪಾದ ಮೇಲೆ ಮುಖ ಹೇಗಿರುತ್ತದೆ? ಕಳೆದ ವರ್ಷ ಬಾರದ್ದು ಈ ವರ್ಷ ಬಂದಿದೆಯೆ? ಕೊನೆಯ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಒಂದು ದಿನದ ಅಂಕ ಒಂದು ಬಿಂದು. ಹುಡುಗ ಯಾವ ಕಡೆ ಸಾಗುತ್ತಿದ್ದಾನೆಂದು ತಿಳಿಯಲು ಹಲವು ಬಿಂದುಗಳು ಬೇಕು.

ಸತ್ನಾಮ್‌ನನ್ನು ಈ ಕಣ್ಣಿನಿಂದ ನೋಡಿ. ಊರಿನಲ್ಲಿ ಬಾಸ್ಕೆಟ್‌ಬಾಲ್ ಅಂಕಣವೇ ಇಲ್ಲದ ರೈತನ ಮಗ. ಲುಧಿಯಾನದ ಅಕಾಡೆಮಿಯಲ್ಲಿ ಕಲಿತು, 2010ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಇಂಗ್ಲಿಷ್ ಬಾರದೆ ಫ್ಲೋರಿಡಾದ ಕ್ರೀಡಾ ಶಾಲೆಗೆ ಹೋದ. ಕೈ ಹದವಾಗಿತ್ತು, ಎಸೆತ ಚೆನ್ನಾಗಿತ್ತು. ಆದರೆ ಆಟ ಚುರುಕಾಗುತ್ತಿದ್ದ ಕಾಲದಲ್ಲಿ ಅಷ್ಟು ಭಾರದ ದೇಹಕ್ಕೆ ಅಡ್ಡಡ್ಡ ಸರಿಯುವುದು ಕಷ್ಟ. ಡಲ್ಲಾಸ್‌ನ ಕಿರಿಯ ತಂಡವಾದ ಟೆಕ್ಸಾಸ್ ಲೆಜೆಂಡ್ಸ್‌ಗೆ ಆಡಿದ. ಎನ್‌ಬಿಎಯ ಋತುವಿನ ಪಂದ್ಯವೊಂದನ್ನೂ ಆಡುವ ಅವಕಾಶ ಬರಲಿಲ್ಲ. ಭಾರತ ತಂಡಕ್ಕೆ ಆಡಿದ, ಆಮೇಲೆ 2021ರಲ್ಲಿ ಅಮೆರಿಕದ ವೃತ್ತಿಪರ ಕುಸ್ತಿಗೆ ಹೋದ. ಸೋತ ಎನ್ನೋಣವೆ? ಹತ್ತೊಂಬತ್ತರ ಹರೆಯದಲ್ಲಿ ಯಾರೋ ಬರೆದ 52 ಎಂಬ ಅಂಕಿ ಒಂದು ಬಾಳಿನ ಫಲಿತಾಂಶವಲ್ಲ, ಆ ದಿನದ ಅಂದಾಜು.

ನಮ್ಮ ಕಂಬದ ಕಥೆಗೆ ಬರುತ್ತೇನೆ. ಆ ಹುಡುಗ ಹತ್ತನೇ ತರಗತಿಗೆ ಹಿಂದಿರುಗಿ ಬಂದ. ಮಂಡಿಚಿಪ್ಪಿನ ಕೆಳಗೆ ನೋವು. ಬೆಳೆಯುವ ವಯಸ್ಸಿನಲ್ಲಿ ಹೆಚ್ಚು ಜಿಗಿಯುವ ಮಕ್ಕಳಿಗೆ ಬರುವಂಥದು. ಅದು ಗುಣವಾಗುವ ಕಾಯಿಲೆ. ನಿಜವಾದ ಕಾರಣ ಬೇರೆ. ಅವನು ಬೆಳೆಯುವುದನ್ನು ನಿಲ್ಲಿಸಿದ್ದ. ಆರಡಿ ಕೂಡ ಮುಟ್ಟಲಿಲ್ಲ. ಎತ್ತರದವನೆಂದು ಅವನನ್ನು ಸೆಂಟರ್ ಸ್ಥಾನದಲ್ಲಿ ನಿಲ್ಲಿಸಿದ್ದರು. ರಿಂಗ್‌ಗೆ ಬೆನ್ನು ಕೊಟ್ಟು ನಿಲ್ಲುವುದನ್ನು ಕಲಿತಿದ್ದ, ಚೆಂಡು ತಟ್ಟುತ್ತ ಓಡುವುದನ್ನು ಕಲಿತಿರಲಿಲ್ಲ. ಎರಡೇ ವರ್ಷದಲ್ಲಿ ಜೊತೆಯವರು ಅವನನ್ನು ಮೀರಿ ಬೆಳೆದಿದ್ದರು. ಆ ಶಾಲೆಯವರ ತಪ್ಪೆಂದು ನಾನು ಹೇಳಲಾರೆ. ತಪ್ಪು ನನ್ನದು.

ಹದಿಮೂರರಲ್ಲೇ ಅವನಿಗೆ ಗಂಟಲು ಒಡೆದಿತ್ತು, ಮೀಸೆ ಚಿಗುರಿತ್ತು. ಹರೆಯ ಬೇಗ ಬಂದ ಮಕ್ಕಳು ಬೇಗ ಎತ್ತರವಾಗುತ್ತಾರೆ, ಬೇಗ ನಿಲ್ಲುತ್ತಾರೆ. ಮೂಳೆಯ ತುದಿಗಳಲ್ಲಿ ಬೆಳೆಯುವ ಭಾಗ ಬೇಗ ಗಟ್ಟಿಯಾಗಿಬಿಡುತ್ತದೆ. ಎಡಗೈ ಮಣಿಕಟ್ಟಿನ ಒಂದು ಎಕ್ಸ್‌ರೇ ತೆಗೆಸಿದ್ದರೆ ವೈದ್ಯರು ಮೂಳೆಯ ವಯಸ್ಸು ಹೇಳುತ್ತಿದ್ದರು. ಹದಿಹರೆಯದ ಪಾಠವನ್ನು ಎಂಟನೇ ತರಗತಿಗೆ ವರ್ಷವರ್ಷವೂ ಮಾಡುವವನು ನಾನೇ! ಪಾಠ ಪುಸ್ತಕದಲ್ಲಿತ್ತು, ಹುಡುಗ ಎದುರಿಗಿದ್ದ, ಎರಡನ್ನೂ ಜೋಡಿಸಲಿಲ್ಲ. ಸೂತ್ರ ಎಚ್ಚರಿಸಿದಾಗ ಸೂತ್ರವನ್ನೇ ತಳ್ಳಿಹಾಕಿದೆ. ಒಂದು ವರ್ಷದ ಗೆರೆಯನ್ನು ನಾಲ್ಕು ವರ್ಷಕ್ಕೆ ಎಳೆದೆ. ಹಾಗೆ ಎಳೆದ ವಿದ್ಯಾರ್ಥಿಗೆ ನಾನೇ ಸೊನ್ನೆ ಹಾಕುತ್ತಿದ್ದೆ.

ಅವನಪ್ಪ ಒಂದು ಮಾತೂ ಆಡಲಿಲ್ಲ. "ಹೋಗ್ಲಿ ಬಿಡಿ ಮೇಷ್ಟ್ರೇ, ಹುಡುಗ ಮನೆಗೆ ಬಂದ" ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಎಸ್ಸೆಸ್ಸೆಲ್ಸಿಗೆ ನಾನು ಮನೆಗೇ ಹೋಗಿ ವಿಜ್ಞಾನ, ಗಣಿತ ಹೇಳಿಕೊಟ್ಟೆ. ಪಾಸಾದ. ಐಟಿಐ ಮಾಡಿದ.

ಹೋದ ವರ್ಷ ಊರ ಜಾತ್ರೆಯಲ್ಲಿ ಸಿಕ್ಕಿದ್ದ. ಕಾರ್ಖಾನೆಯಲ್ಲಿ ಕೆಲಸ. ಕಾಲಿಗೆ ಬಿದ್ದ, ಮಂಡಕ್ಕಿ ಕೊಡಿಸಿದ. ಎಷ್ಟೋ ವರ್ಷದಿಂದ ಗಂಟಲಲ್ಲಿದ್ದ ಮಾತನ್ನು ಆಡಿಬಿಟ್ಟೆ. "ಆವತ್ತು ನಾನು ನಿನ್ನನ್ನ ತಪ್ಪಾಗಿ ಅಳೆದೆ ಕಣಪ್ಪ."

ಅವನು ನಕ್ಕ. "ಅಳತೆ ಸರಿಯಾಗೇ ಇತ್ತು ಬಿಡಿ ಸಾರ್. ಆದ್ರೆ ಆಟ ಇಷ್ಟಾನಾ ಅಂತ ನೀವೂ ಕೇಳ್ಲಿಲ್ಲ, ಅಪ್ಪನೂ ಕೇಳ್ಲಿಲ್ಲ. ನಂಗೆ ಕಬಡ್ಡಿ ಇಷ್ಟ ಇತ್ತು."

ಬೇಸರವಿಲ್ಲದೆ ಹೇಳಿದ. ನನಗೆ ಮಂಡಕ್ಕಿ ಗಂಟಲಲ್ಲಿ ಇಳಿಯಲಿಲ್ಲ. ಮೂರು ಗೆರೆ ಎಳೆದಿದ್ದೆ, ಗ್ರಾಫ್ ಬರೆದಿದ್ದೆ, ಸೂತ್ರ ಹಾಕಿದ್ದೆ. ಅಳೆಯಲು ಬಾರದ್ದನ್ನು ಬಾಯಿಬಿಟ್ಟು ಕೇಳಿದ್ದರೆ ಸಾಕಾಗಿತ್ತು, ಅದೊಂದನ್ನು ಮಾಡಿರಲಿಲ್ಲ.

ಈಗ ಫಲಿತಾಂಶದ ದಿನಗಳಲ್ಲಿ ಪಾಲಕರು ಬಂದು "ಇವಳಿಗೆ ಏನು ಕೊಡ್ಸೋಣ ಸಾರ್?" ಎಂದರೆ ಅಂಕಪಟ್ಟಿ ನೋಡುತ್ತೇನೆ, ನೋಡದೆ ಬಿಡುವುದಿಲ್ಲ, ಅಂಕಕ್ಕೆ ಅಂಕದ ಬೆಲೆ ಇದ್ದೇ ಇದೆ. ಎಂಟು, ಒಂಬತ್ತನೇ ತರಗತಿಯ ಪಟ್ಟಿಗಳನ್ನೂ ತರಲು ಹೇಳುತ್ತೇನೆ. ಆಮೇಲೆ ಅಪ್ಪ ಅಮ್ಮನನ್ನು ಹತ್ತು ನಿಮಿಷ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಮಗುವಿನ ಹತ್ತಿರ ಮಾತಾಡುತ್ತೇನೆ. ಮೊದಲ ಐದು ನಿಮಿಷ ಎಲ್ಲ ಮಕ್ಕಳೂ ಅಪ್ಪ ಹೇಳಿಕೊಟ್ಟದ್ದನ್ನೇ ಹೇಳುತ್ತವೆ. ಕಾದರೆ ಆರನೆಯ ನಿಮಿಷದಲ್ಲಿ ಬೇರೇನಾದರೂ ಬರುತ್ತದೆ.

ಮೊನ್ನೆ ಪ್ರಯೋಗಾಲಯಕ್ಕೆ ಸುಣ್ಣ ಹೊಡೆಸಿದರು. ಆ ಮೂರು ಗೆರೆಗಳು ಅಷ್ಟು ವರ್ಷವೂ ಬೀರುವಿನ ಹಿಂದೆ ಮಸುಕಾಗಿ ಉಳಿದಿದ್ದವು. ಬಣ್ಣದವನು "ಇದೇನು ಸಾರ್, ಅಳಿಸಿಬಿಡ್ಲಾ?" ಎಂದ. ಸ್ವಲ್ಪ ಹೊತ್ತು ನೋಡುತ್ತ ನಿಂತು, ಅಳಿಸು ಎಂದೆ.